ಕಾಫಿ ನಮ್ಮದು, ಕಾಫಿ ಅಂಗಡಿ ಯಾರದು?

(ರಾಜ್ಯೋತ್ಸವದ ಅಂಗವಾಗಿ ಬೆಂಗಳೂರಿನಲ್ಲಿ ಏರ್ಪಡಿಸಿದ್ದ ಸ್ವಂತ ಉದ್ಯೋಗ ಶಿಬಿರದಲ್ಲಿ ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಓದುಗರಿಗಾಗಿ ಇಲ್ಲಿ ಕೊಡಲಾಗಿದೆ.)



ಕನ್ನಡ ಉಳಿಯಬೇಕಾದ ಜಾಗಗಳು ಯಾವುವು ಎಂದು ಕೇಳಿದರೆ ನೀವು ಮನೆ ಎನ್ನುತ್ತೀರಿ, ಶಾಲೆ ಎನ್ನುತ್ತೀರಿ, ಕಚೇರಿ ಎನ್ನುತ್ತೀರಿ, ನ್ಯಾಯಾಲಯ ಎನ್ನುತ್ತೀರಿ. ಎಲ್ಲವೂ ಸರಿ. ಈ ಪಟ್ಟಿಗೆ ಇನ್ನೊಂದು ಜಾಗವನ್ನು ಸೇರಿಸಿ ಎಂದು ಕೇಳಲು ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಅದು ನಿಮ್ಮ ಬೀದಿಯ ಮೂಲೆಯಲ್ಲಿರುವ ಕಾಫಿ ಅಂಗಡಿ. ನಗಬೇಡಿ. ಮನೆಯಲ್ಲಿ ನಾವು ನಮ್ಮವರ ಜೊತೆ ಮಾತಾಡುತ್ತೇವೆ. ಕಚೇರಿಯಲ್ಲಿ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತೇವೆ. ಪರಿಚಯವಿಲ್ಲದ ಇಬ್ಬರು ಕೆಲಸವಿಲ್ಲದೆ ಹತ್ತು ನಿಮಿಷ ಮಾತಾಡುವ ಜಾಗ ಈ ಊರಿನಲ್ಲಿ ಎಷ್ಟು ಉಳಿದಿವೆ? ಆ ಹತ್ತು ನಿಮಿಷ ಯಾವ ಭಾಷೆಯಲ್ಲಿ ನಡೆಯುತ್ತದೋ ಅದೇ ಆ ಬೀದಿಯ ಭಾಷೆ. ಯಾವ ಕಾಯಿದೆಯೂ ಆ ಹತ್ತು ನಿಮಿಷದ ಒಳಗೆ ಬರಲಾರದು.

ನೀವೇ ಒಮ್ಮೆ ನಡೆದು ನೋಡಿ. ಇಂದಿರಾನಗರಕ್ಕೆ ಹೋಗಿ, ಕೋರಮಂಗಲಕ್ಕೆ ಹೋಗಿ, ಈಗ ಜಯನಗರಕ್ಕೂ ಹೋಗಿ. ಗಾಜಿನ ಬಾಗಿಲಿನ ಹೊಸ ಕಾಫಿ ಅಂಗಡಿಗಳು ಸಾಲುಸಾಲಾಗಿ ಎದ್ದಿವೆ. ಒಳಗೆ ಮಾರುವ ಕಾಫಿ ಯಾವುದು? ಬಹುಪಾಲು ಚಿಕ್ಕಮಗಳೂರಿನದು, ಸಕಲೇಶಪುರದ್ದು, ಕೊಡಗಿನದು. ಬೆಳೆದ ಮಣ್ಣು ನಮ್ಮದು. ಆದರೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಒಂದು ಕನ್ನಡ ಅಕ್ಷರ ಹುಡುಕಿ, ಬಹಳ ಕಡೆ ಸಿಗುವುದಿಲ್ಲ. ಮೂಡಿಗೆರೆಯ ಬೆಳೆಗಾರನೇ ಬಂದು ನಿಂತರೂ, ತನ್ನ ತೋಟದ ಕಾಫಿಯನ್ನು ಪರಭಾಷೆಯಲ್ಲಿ ಕೇಳಿ ಪಡೆಯಬೇಕಾದ ಸ್ಥಿತಿ!

ಇದಕ್ಕೆ ಬೇರೆಯವರನ್ನು ಬೈದು ಮನೆಗೆ ಹೋಗುವುದು ಸುಲಭ. ನಾನು ಆ ಭಾಷಣ ಮಾಡಲು ಬಂದಿಲ್ಲ. ನಿಮ್ಮಲ್ಲಿ ಹತ್ತು ಜನರಾದರೂ ನಿಮ್ಮ ಬಡಾವಣೆಯಲ್ಲಿ ಒಂದು ಒಳ್ಳೆಯ ಕಾಫಿ ಅಂಗಡಿ ತೆರೆಯಬೇಕು, ಅದು ನಷ್ಟವಾಗದೆ ನಡೆಯಬೇಕು, ಅದು ಬಡಾವಣೆಯ ಕಟ್ಟೆಯಾಗಬೇಕು ಎಂದು ಹೇಳಲು ಬಂದಿದ್ದೇನೆ.

ಹೆಸರಿಟ್ಟವನದೇ ವ್ಯಾಪಾರ

ಮೊದಲು ಸ್ವಲ್ಪ ಚರಿತ್ರೆ. ಮರೆತ ಜನಾಂಗಕ್ಕೆ ಮುಂದಿನ ದಾರಿ ಕಾಣುವುದಿಲ್ಲ.

17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ತಲೆಮಾರುಗಳಿಂದ ಬಂದ ನಂಬಿಕೆ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು. ಕಾಫಿ ಮಂಡಳಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇರುವುದು ಬಾಳೆಹೊನ್ನೂರಿನ ಬಳಿ. ಅಲ್ಲಿ ಬೆಳೆಸಿದ ಎಸ್. 795 ಎಂಬ ಅರೇಬಿಕಾ ತಳಿ ನಮ್ಮ ತೋಟಗಳನ್ನೆಲ್ಲ ಹಬ್ಬಿ, ದೂರದ ಇಂಡೊನೇಷ್ಯಾದಲ್ಲೂ ಬೇರೂರಿದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಕಾಫಿ ಸಮ್ಮೇಳನವೇ ಬೆಂಗಳೂರಿಗೆ ಬಂತು.

ಆದರೆ ನಮ್ಮ ಬೆಳೆಯ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಅದನ್ನು ಕೊಳ್ಳುವ ದೇಶಗಳಲ್ಲಿ ಬಹುಕಾಲದಿಂದ ಮುಂದಿರುವುದು ಇಟಲಿ. ನಮ್ಮ ಬೀಜ ಇಟಲಿಗೆ ಹೋಗುತ್ತದೆ, ಇಟಲಿಯ ಪದಗಳು ನಮ್ಮ ಬೀದಿಗೆ ಬರುತ್ತವೆ! ಎಸ್‌ಪ್ರೆಸ್ಸೊ, ಕ್ಯಾಪುಚಿನೊ, ಲಾಟೆ, ಬರಿಸ್ಟಾ. ಈ ಪದಗಳ ಮೇಲೆ ನನಗೆ ಸಿಟ್ಟಿಲ್ಲ. ಇಟಲಿಯವರು ಯಂತ್ರ ಕಂಡುಹಿಡಿದರು, ಕುಡಿಯುವ ರೀತಿ ಕಂಡುಹಿಡಿದರು, ತಮ್ಮ ಭಾಷೆಯಲ್ಲಿ ಹೆಸರಿಟ್ಟರು. ಜಗತ್ತು ಆ ಹೆಸರನ್ನು ಒಪ್ಪಿಕೊಂಡಿತು. ಯಾರು ಮೊದಲು ಚೆನ್ನಾಗಿ ಮಾಡುತ್ತಾರೋ ಅವರ ಭಾಷೆ ಆ ಕಸುಬಿಗೆ ಅಂಟಿಕೊಳ್ಳುತ್ತದೆ. ಇದು ವ್ಯಾಪಾರದ ನಿಯಮ.

ಈ ನಿಯಮ ಕನ್ನಡಕ್ಕೂ ಕೆಲಸ ಮಾಡಿದೆ. 1980ರ ದಶಕದಲ್ಲಿ ಜಯನಗರದಲ್ಲಿ ಹುಟ್ಟಿದ ‘ದರ್ಶಿನಿ’ಯನ್ನು ನೆನೆಯಿರಿ. ನಿಂತು ತಿನ್ನುವ ಕಟ್ಟೆ, ಕಣ್ಣೆದುರಿಗೇ ಅಡುಗೆ, ಶುಚಿ, ಬೇಗ, ಅಗ್ಗ. ಆ ಪದ್ಧತಿ ಗೆದ್ದಿತು. ಅದರೊಡನೆ ಹೆಸರೂ ಗೆದ್ದಿತು. ಇಂದು ದಿಲ್ಲಿಯಿಂದ ಬಂದವನೂ ಕೊಲ್ಕತ್ತದಿಂದ ಬಂದವನೂ ಬೆಂಗಳೂರಿನಲ್ಲಿ ಅದನ್ನು ದರ್ಶಿನಿ ಎಂದೇ ಕರೆಯುತ್ತಾನೆ. ಹಾಗೆ ಕರೆಯಬೇಕೆಂದು ಯಾವ ಸರ್ಕಾರವೂ ಆದೇಶ ಹೊರಡಿಸಲಿಲ್ಲ. ‘ಬೈಟು ಕಾಫಿ’ಯನ್ನು ನೋಡಿ. ಇಂಗ್ಲಿಷಿನ ಎರಡು ಪದಗಳನ್ನು ಎತ್ತಿಕೊಂಡು ನಮ್ಮ ಹೋಟೆಲಿನವರು ಅದನ್ನು ಅಚ್ಚ ಬೆಂಗಳೂರು ಕನ್ನಡ ಮಾಡಿಬಿಟ್ಟರು. ಒಂದು ಲೋಟವನ್ನು ಇಬ್ಬರು ಹಂಚಿಕೊಳ್ಳುವ ಸಂಪ್ರದಾಯಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ಬೇಕೆ?

ಬಸವನಗುಡಿಯ ವಿದ್ಯಾರ್ಥಿ ಭವನ 1943ರಿಂದ ನಡೆದುಬಂದಿದೆ. ಅದರ ಗೋಡೆಯ ಮೇಲೆ ಕನ್ನಡದ ಹಿರಿಯರ ಚಿತ್ರಗಳಿವೆ. ದೋಸೆಗೆಂದು ಕಾದು ಕೂತವನು ಆ ಮುಖಗಳನ್ನು ನೋಡುತ್ತಾನೆ, ಇವರು ಯಾರೆಂದು ಪಕ್ಕದವನನ್ನು ಕೇಳುತ್ತಾನೆ. ಅದೂ ಒಂದು ಕನ್ನಡದ ಪಾಠ, ಶುಲ್ಕವಿಲ್ಲದ ಪಾಠ.

ಹಾಗಿದ್ದರೆ ತಪ್ಪಿದ್ದು ಎಲ್ಲಿ? 1990ರ ದಶಕದ ಮಧ್ಯದವರೆಗೆ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕಾಗಿತ್ತು. ಆ ಕಟ್ಟು ಹಂತಹಂತವಾಗಿ ಸಡಿಲವಾಯಿತು. ಬೆಳೆಗಾರನಿಗೆ ನೇರ ಮಾರುವ ಸ್ವಾತಂತ್ರ್ಯ ಬಂತು. ಚಿಕ್ಕಮಗಳೂರಿನ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಅವರು 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದರು. ನಮ್ಮ ತೋಟದ ಬೀಜವನ್ನು ನಾವೇ ಹುರಿದು ನಾವೇ ಮಾರಬಹುದು ಎಂದು ದೇಶಕ್ಕೇ ತೋರಿಸಿದ ಕನ್ನಡಿಗ ಅವರು. 2019ರಲ್ಲಿ ಅವರು ತೀರಿಕೊಂಡಾಗ ಮಲೆನಾಡು ಕಣ್ಣೀರಿಟ್ಟಿತು. ಆದರೆ ಒಂದು ಮಾತು ನಿಜ. ಕೂತು ಕುಡಿಯುವ ಹೊಸ ಬಗೆಯ ಕಾಫಿ ಅಂಗಡಿಗೆ ಅಂದಿನಿಂದಲೇ ಇಂಗ್ಲಿಷ್ ಹೆಸರು ಅಂಟಿಕೊಂಡಿತು. ದರ್ಶಿನಿಯ ಹಾಗೆ ಆ ಕಸುಬಿಗೂ ಒಂದು ಕನ್ನಡದ ಹೆಸರು ಇಟ್ಟವರಿಲ್ಲ. ಆ ಕೆಲಸ ನಿಮಗಾಗಿ ಕಾದಿದೆ.

ಫಲಕದ ಹಿಂದೆ ಏನಿದೆ?

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಕನ್ನಡ ಕಾರ್ಯಕರ್ತರು ನಾಮಫಲಕಕ್ಕಾಗಿ ಹೋರಾಡಿ ಜೈಲಿಗೆ ಹೋದರು. ಅದರ ಫಲವಾಗಿ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ ತಿದ್ದುಪಡಿಯಾಗಿ, ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂಬುದು ಕಾನೂನಾಯಿತು. ಆ ಹೋರಾಟಕ್ಕೆ ನನ್ನ ನಮಸ್ಕಾರ. ಆದರೆ ಫಲಕವನ್ನು ಓದಿ ಒಳಗೆ ಹೋದ ಮೇಲೆ ಏನು? ಹೊರಗೆ ಶೇಕಡಾ 60, ಒಳಗೆ ಸೊನ್ನೆ! ಫಲಕವು ಕಾನೂನಿನ ಕನ್ನಡ. ಒಳಗಿನ ಮಾತು ಬದುಕಿನ ಕನ್ನಡ. ಮೊದಲನೆಯದನ್ನು ಹೋರಾಟ ಗೆದ್ದುಕೊಟ್ಟಿತು. ಎರಡನೆಯದನ್ನು ದುಡಿಮೆಯೇ ಗೆದ್ದುಕೊಡಬೇಕು.

ಇನ್ನೊಂದು ಅನ್ಯಾಯ ಕೇಳಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಆಹಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು. ಬೇರೆ ಭಾಷೆಯನ್ನು ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದಂತೆ! ಕೊಪ್ಪದಲ್ಲಿ ಬೆಳೆದು, ಕೊಪ್ಪದಲ್ಲಿ ಹುರಿದು, ಕೊಪ್ಪದಲ್ಲೇ ಮಾರುವ ಕಾಫಿಪುಡಿಯ ಪೊಟ್ಟಣವು ಕನ್ನಡದಲ್ಲಿ ಮಾತ್ರ ಇದ್ದರೆ ಅದು ನಿಯಮಬಾಹಿರ. ಹಿಂದಿಯಲ್ಲಿ ಮಾತ್ರ ಇದ್ದರೆ ಸಕ್ರಮ. ಇದು ಯಾವ ಒಕ್ಕೂಟದ ನ್ಯಾಯ? ಈ ನಿಯಮ ಬದಲಾಗುವವರೆಗೆ ನಾವು ದನಿ ಎತ್ತಲೇಬೇಕು. ಆದರೆ ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ‘ಜೊತೆಗೆ ಹಾಕಿಕೊಳ್ಳಬಹುದು’ ಎಂಬ ಆ ಸಣ್ಣ ಬಾಗಿಲಿನಿಂದಲೇ ಒಳಗೆ ನುಗ್ಗಿ. ನಿಮ್ಮ ಪೊಟ್ಟಣದ ಮುಂಭಾಗದಲ್ಲಿ ಕನ್ನಡವನ್ನು ದೊಡ್ಡದಾಗಿ ಹಾಕಿ. ಕಡ್ಡಾಯದ ಇಂಗ್ಲಿಷ್ ನಿಯಮ ಹೇಳಿದ ಜಾಗದಲ್ಲಿ ಮಾತ್ರ ಇರಲಿ.

ಮೊದಲು ಕಾಫಿ ಚೆನ್ನಾಗಿರಲಿ

ಈಗ ಕೆಲಸದ ಮಾತಿಗೆ ಬರೋಣ. ಕನ್ನಡದ ಹೆಸರಿನಲ್ಲಿ ಕೆಟ್ಟ ಕಾಫಿ ಕೊಟ್ಟರೆ ಅದು ಕನ್ನಡಕ್ಕೇ ಮಾಡುವ ಅವಮಾನ. ಗಿರಾಕಿ ಮೊದಲ ದಿನ ಅಭಿಮಾನಕ್ಕೆ ಬರುತ್ತಾನೆ, ಎರಡನೆಯ ದಿನ ರುಚಿಗೆ ಬರುತ್ತಾನೆ. ಅಭಿಮಾನದ ಮೇಲೆ ಅಂಗಡಿ ಒಂದು ತಿಂಗಳು ನಡೆಯಬಹುದು, ಬಾಡಿಗೆ ಮಾತ್ರ ಪ್ರತಿ ತಿಂಗಳೂ ಬರುತ್ತದೆ.

ಬೀಜವನ್ನು ನೀವೇ ಹೋಗಿ ನೋಡಿ ತನ್ನಿ. ಹಣ್ಣಾದದ್ದನ್ನು ಮಾತ್ರ ಆರಿಸಿ ಕೊಯ್ಯುವ ತೋಟ ಯಾವುದು, ಹಸಿರು ಕಾಯಿ, ಕೆಂಪು ಹಣ್ಣು ಎರಡನ್ನೂ ಒಟ್ಟಿಗೆ ಸವರುವ ತೋಟ ಯಾವುದು ಎಂದು ಡಿಸೆಂಬರ್, ಜನವರಿಯಲ್ಲಿ ಕಣದ ಮೇಲೆ ನಿಂತರೆ ಗೊತ್ತಾಗುತ್ತದೆ. ಸಣ್ಣ ಬೆಳೆಗಾರರನ್ನು ಹುಡುಕಿ. ಹೂಮಳೆ ತಪ್ಪಿದರೆ ಏನಾಗುತ್ತದೆ, ಬಿಳಿ ಕಾಂಡಕೊರಕ ಬಂದರೆ ಅರೇಬಿಕಾ ಗಿಡ ಹೇಗೆ ಸಾಯುತ್ತದೆ, ಕುಯ್ಲಿನ ಸಮಯದಲ್ಲಿ ಮಳೆ ಬಂದರೆ ಕಣದಲ್ಲಿ ಹರಡಿದ ಕಾಫಿ ಹೇಗೆ ಹಾಳಾಗುತ್ತದೆ ಎಂದು ಅವರ ಬಾಯಿಂದಲೇ ಕೇಳಿ. ಕೇಳಿದ್ದನ್ನು ಗಿರಾಕಿಗೆ ಕನ್ನಡದಲ್ಲಿ ಹೇಳಿ. ಹೊರಗಿನಿಂದ ಬಂದ ದೊಡ್ಡ ಕಂಪನಿಗೆ ಈ ಸೌಲಭ್ಯ ಅಷ್ಟು ಸುಲಭಕ್ಕೆ ದಕ್ಕುವುದಿಲ್ಲ. ನಿಮಗೆ ಅದು ಒಂದು ರಾತ್ರಿಯ ಬಸ್ಸು ಪ್ರಯಾಣದಷ್ಟು ಹತ್ತಿರ.

ಹುರಿದ ಕಾಫಿ ದಿನದಿನಕ್ಕೂ ಘಮ ಕಳೆದುಕೊಳ್ಳುತ್ತದೆ, ಪುಡಿ ಮಾಡಿದ ಮೇಲಂತೂ ಗಂಟೆಗಂಟೆಗೂ. ಅದಕ್ಕೇ ವಾರಕ್ಕೆ ಬೇಕಾದಷ್ಟೇ ಹುರಿಸಿ, ಅಂದಂದಿಗೆ ಬೇಕಾದಷ್ಟೇ ಪುಡಿ ಮಾಡಿ. ಹುರಿದ ತಾರೀಖನ್ನು ಡಬ್ಬದ ಮೇಲೆ ಕಾಣುವ ಹಾಗೆ ಬರೆಯಿರಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಡಿಕಾಕ್ಷನ್ ಇಳಿಸಬೇಡಿ. ಒಳ್ಳೆಯ ಬೀಜವೂ ಅದರಲ್ಲಿ ಸಪ್ಪೆಯಾಗುತ್ತದೆ, ಯಂತ್ರದೊಳಗೆ ಸುಣ್ಣ ಕಟ್ಟುತ್ತದೆ.

ಚಿಕೋರಿಯ ವಿಷಯದಲ್ಲಿ ಪ್ರಾಮಾಣಿಕರಾಗಿರಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದಷ್ಟು ಕಾಫಿ ಇರಬೇಕೆಂದು ನಿಯಮವಿದೆ. ಅಂದರೆ ಅರ್ಧದ ಹತ್ತಿರ ಚಿಕೋರಿ ಇದ್ದರೂ ಅದು ಕಾನೂನುಬದ್ಧ ಪೊಟ್ಟಣ! ನಮ್ಮ ಅಜ್ಜಿಯರು ದಪ್ಪ ಡಿಕಾಕ್ಷನ್ನಿಗಾಗಿ ಸ್ವಲ್ಪ ಚಿಕೋರಿ ಬೆರೆಸಿದರು, ಅದು ರುಚಿಯ ಮಾತು. ನೀವೂ ಬೆರೆಸಿ, ಆದರೆ ‘80 ಕಾಫಿ, 20 ಚಿಕೋರಿ’ ಎಂದು ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಿ. ಬೆರೆಸದ ಕಾಫಿಯನ್ನೂ ಇಡಿ. ಗಿರಾಕಿ ಎರಡನ್ನೂ ಕುಡಿದು ಆರಿಸಿಕೊಳ್ಳಲಿ.

ರುಚಿಗೆ ಕನ್ನಡದಲ್ಲಿ ಪದವಿಲ್ಲವೇ?

‘ಸ್ಪೆಷಾಲಿಟಿ ಕಾಫಿ’ ಎಂಬ ಪದವನ್ನು ಕೇಳಿ ಹೆದರಬೇಡಿ. ನುರಿತವರು ಕಾಫಿಯನ್ನು ಸವಿದು 100ಕ್ಕೆ ಅಂಕ ಕೊಡುತ್ತಾರೆ, 80 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಸ್ಪೆಷಾಲಿಟಿ. ಅಷ್ಟೇ. ಅದನ್ನು ‘ಆಯ್ದ ಕಾಫಿ’ ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ಒಂದೊಂದು ಹಣ್ಣನ್ನೂ ಆಯ್ದು ಕೊಯ್ದ ಕಾಫಿ ತಾನೆ ಅದು?

ಹೊಸ ಅಂಗಡಿಗಳಲ್ಲಿ ಕಾಫಿಯ ರುಚಿಯನ್ನು ಇಂಗ್ಲಿಷಿನಲ್ಲಿ ವರ್ಣಿಸಿ ಬರೆದಿರುತ್ತಾರೆ. ನಮ್ಮ ಜನ ಓದಿ ತಲೆಯಾಡಿಸುತ್ತಾರೆ. ನಾವೇ ಕಾಣದ ಯಾವುದೋ ದೇಶದ ಹಣ್ಣುಗಳ ಹೆಸರು ಅಲ್ಲಿರುತ್ತದೆ. ಕಾಫಿ ಗಿಡದ ಪಕ್ಕದಲ್ಲೇ ಬೆಳೆಯುವ ಕೊಡಗಿನ ಕಿತ್ತಳೆಯ ಹುಳಿ ನಮಗೆ ಗೊತ್ತಿಲ್ಲವೇ? ಎಳೆ ಅಡಿಕೆಯ ಒಗರು ಗೊತ್ತಿಲ್ಲವೇ? ಜೋನಿ ಬೆಲ್ಲದ ಸಿಹಿ, ಹುರಿದ ಕಡಲೆಯ ಘಮ, ಮೆಣಸಿನ ಖಾರ, ಏಲಕ್ಕಿಯ ಕಂಪು ನಮಗೆ ಯಾರಾದರೂ ಹೇಳಿಕೊಡಬೇಕೆ? ಹುಳಿ, ಕಹಿ, ಒಗರು, ಘಮ, ಮಂದ, ತೆಳು ಎಂಬ ಆರು ಪದಗಳಲ್ಲಿ ಜಗತ್ತಿನ ಯಾವ ಕಾಫಿಯನ್ನಾದರೂ ವರ್ಣಿಸಬಹುದು. ‘ಎಳೆ ಹುರಿ, ನಡು ಹುರಿ, ಕಪ್ಪು ಹುರಿ’ ಎಂದು ಬರೆಯಿರಿ. ಗಿರಾಕಿ ಮೊದಲ ವಾರ ಕೇಳುತ್ತಾನೆ, ಎರಡನೆಯ ವಾರ ತಾನೇ ಬಳಸುತ್ತಾನೆ. ಭಾಷೆ ಬೆಳೆಯುವುದು ಹೀಗೆ. ನಿಘಂಟಿನಲ್ಲಿ ಕೂತ ಪದ ಬೆಳೆಯುವುದಿಲ್ಲ, ಗಲ್ಲಾದ ಮುಂದೆ ನಿಂತು ಕೇಳಿದ ಪದ ಬೆಳೆಯುತ್ತದೆ.

ಅದಕ್ಕಾಗಿ ಇಲ್ಲದ ಸಂಸ್ಕೃತ ಪದಗಳನ್ನು ಹೊಸೆದು ಗಿರಾಕಿಯನ್ನು ಗಾಬರಿಪಡಿಸಬೇಡಿ. ಡಿಕಾಕ್ಷನ್, ಫಿಲ್ಟರ್, ಸ್ಟ್ರಾಂಗ್ ನಮ್ಮ ಅಜ್ಜಿಯರ ಬಾಯಲ್ಲಿ ಕನ್ನಡವಾಗಿಹೋಗಿವೆ. ಅವು ಹಾಗೆಯೇ ಇರಲಿ.

ಲೆಕ್ಕ ತಪ್ಪಿದರೆ ಕನ್ನಡವೂ ಉಳಿಯದು

ಪೆನ್ನು ತೆಗೆಯಿರಿ, ಈ ಲೆಕ್ಕ ಬರೆದುಕೊಳ್ಳಿ. ಇದು ಉದಾಹರಣೆ ಮಾತ್ರ. ನಿಮ್ಮ ಬಡಾವಣೆಯ ಅಂಕಿಗಳನ್ನು ಹಾಕಿ ನೀವೇ ತಿದ್ದಿಕೊಳ್ಳಬೇಕು.

ಒಳ್ಳೆಯ ಹಸಿ ಬೀಜಕ್ಕೆ ಕಿಲೋಗೆ 600 ರೂಪಾಯಿ ಕೊಟ್ಟಿರೆಂದು ಇಟ್ಟುಕೊಳ್ಳಿ. ಹುರಿದಾಗ ತೇವ ಹೋಗಿ ತೂಕ ಸುಮಾರು 840 ಗ್ರಾಮಿಗೆ ಇಳಿಯುತ್ತದೆ. ಲೋಟಕ್ಕೆ 12 ಗ್ರಾಂ ಪುಡಿ ಹಿಡಿದರೆ 70 ಲೋಟ. ಅಂದರೆ ಲೋಟಕ್ಕೆ ಬೀಜದ ಖರ್ಚು 9 ರೂಪಾಯಿಯ ಒಳಗೆ. ಹಾಲಿಗೆ 5, ಸಕ್ಕರೆ, ತೊಳೆಯುವುದು ಇತ್ಯಾದಿಗೆ 3. ಒಟ್ಟು 17 ರೂಪಾಯಿ.

ಬಾಡಿಗೆ 40,000, ಇಬ್ಬರ ಸಂಬಳ 50,000, ಕರೆಂಟು, ಗ್ಯಾಸು, ನೀರಿಗೆ 10,000, ರಿಪೇರಿ ಮತ್ತು ಇತರೆಗೆ 10,000. ತಿಂಗಳಿಗೆ 1,10,000. ದಿನಕ್ಕೆ ಸುಮಾರು 3,670 ರೂಪಾಯಿ. ಲೋಟಕ್ಕೆ 30 ರೂಪಾಯಿ ಇಟ್ಟರೆ ಉಳಿಯುವುದು 13. ಬರೀ ಖರ್ಚು ಹುಟ್ಟಬೇಕಾದರೂ ದಿನಕ್ಕೆ 283 ಲೋಟ ಮಾರಬೇಕು. 40 ಇಟ್ಟರೆ 160 ಲೋಟ ಸಾಕು. ನಿಮ್ಮ ಸಂಬಳ, ಹೂಡಿದ ಹಣದ ಬಡ್ಡಿ, ತೆರಿಗೆ ಇದರಲ್ಲಿ ಸೇರಿಲ್ಲ! ಅದಕ್ಕೇ ಕಾಫಿಯೊಂದನ್ನೇ ನಂಬಬೇಡಿ. ನಿಪ್ಪಟ್ಟು, ಕೋಡುಬಳೆ, ಮದ್ದೂರು ವಡೆ, ಬೆಣ್ಣೆ ಬಿಸ್ಕತ್ತು ಇಡಿ. ಮನೆಗೆ ಒಯ್ಯುವ ಪುಡಿ ಮಾರಿ. ಬೆಳಿಗ್ಗೆ ಕುಡಿದು ಮೆಚ್ಚಿದವನು ಕಾಲು ಕಿಲೋ ಕೊಂಡೊಯ್ದರೆ ಅದು ನಿಮ್ಮ ಬಾಡಿಗೆ ಕಟ್ಟುತ್ತದೆ.

ಇದೇ ಲೆಕ್ಕದಲ್ಲಿ ಇನ್ನೊಂದು ಸತ್ಯವಿದೆ. ಬೆಳೆಗಾರನಿಗೆ ಕಿಲೋಗೆ 100 ರೂಪಾಯಿ ಹೆಚ್ಚು ಕೊಟ್ಟರೆ ನಿಮ್ಮ ಲೋಟದ ಖರ್ಚು ಏರುವುದು ಒಂದೂವರೆ ರೂಪಾಯಿಗಿಂತ ಕಡಿಮೆ! ಗಾಜಿನ ಬಾಗಿಲಿನ ಅಂಗಡಿಯಲ್ಲಿ 250 ರೂಪಾಯಿಗೆ ಮಾರುವ ಲೋಟವನ್ನು ನೋಡಿ. ಅದಕ್ಕೆ 18 ಗ್ರಾಂ ಹಾಕಿದರೂ, ಇದೇ ಬೆಲೆಯ ಬೀಜವಾದರೆ, ಬೀಜದ ಪಾಲು 13 ರೂಪಾಯಿ. ಉಳಿದದ್ದೆಲ್ಲ ಬಾಡಿಗೆ, ಯಂತ್ರ, ಒಳಾಲಂಕಾರ, ಲಾಭ. ಅವರ ಖರ್ಚು ಅವರಿಗೆ. ಆದರೆ ಬೆಳೆಗಾರನಿಗೆ ನ್ಯಾಯವಾದ ಬೆಲೆ ಕೊಟ್ಟರೆ ಅಂಗಡಿ ಮುಳುಗುತ್ತದೆ ಎಂಬ ಮಾತನ್ನು ಮಾತ್ರ ಯಾರು ಹೇಳಿದರೂ ನಂಬಬೇಡಿ. ತೋಟದಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಕೂಲಿಗೂ ಆ ಹಣದಲ್ಲಿ ಪಾಲು ಸೇರಲಿ ಎಂದು ಬೆಳೆಗಾರನನ್ನು ಕೇಳುವ ಹಕ್ಕು ಆಗ ನಿಮಗೆ ಬರುತ್ತದೆ.

ಒಬ್ಬರಿಂದ ಬಂಡವಾಳ ಆಗದಿದ್ದರೆ ಐದು ಜನ ಸೇರಿ. ಇದಕ್ಕೂ ನಮ್ಮ ಊರಿನಲ್ಲೇ ಮಾದರಿಯಿದೆ. ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ ಇಂಡಿಯಾ ಕಾಫಿ ಹೌಸುಗಳನ್ನು ಕಾಫಿ ಮಂಡಳಿ 1950ರ ದಶಕದಲ್ಲಿ ಮುಚ್ಚಲು ಹೊರಟಿತು. ನೌಕರರು ಬೀದಿಗೆ ಬಿದ್ದರು. ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಆ ಮಾಣಿಗಳು, ಅಡುಗೆಯವರು ತಾವೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ಎಲ್ಲಿ ಗೊತ್ತೆ? 1957ರ ಆಗಸ್ಟ್ 19ರಂದು, ಇದೇ ಬೆಂಗಳೂರಿನಲ್ಲಿ. ತಟ್ಟೆ ಎತ್ತುವವರು ಮಾಲೀಕರಾದರು. ಎಂ.ಜಿ. ರಸ್ತೆಯ ಅವರ ಕಾಫಿ ಹೌಸಿನಲ್ಲಿ 2009ರವರೆಗೂ ಎರಡು ಮೂರು ತಲೆಮಾರಿನ ಬೆಂಗಳೂರಿಗರು ಕೂತು ಹರಟಿದರು. ಎದ್ದು ಹೋಗಿ ಎಂದು ಗಡಿಯಾರ ತೋರಿಸುವ ಅಂಗಡಿಗೆ ಅಂಥ ಪ್ರೀತಿ ಸಿಗುವುದಿಲ್ಲ.

ಅಂಗಡಿ ಕಟ್ಟೆಯಾಗುವುದು ಹೇಗೆ?

ಹಿಂದೆ ಹಳ್ಳಿಗೊಂದು ಅರಳಿಕಟ್ಟೆ ಇತ್ತು. ಅಲ್ಲಿ ಕೂರಲು ಯಾರೂ ಕಾಸು ಕೇಳುತ್ತಿರಲಿಲ್ಲ. ಆದರೆ ಆ ಕಟ್ಟೆಗೆ ಎಲ್ಲರೂ ಹತ್ತಬಹುದಾಗಿತ್ತೇ? ಇಲ್ಲ. ಜಾತಿ ನೋಡಿ ಕೂರಿಸುತ್ತಿದ್ದರು, ಹೆಂಗಸರು ಅತ್ತ ಸುಳಿಯುವಂತಿರಲಿಲ್ಲ. ನಮ್ಮ ಹಳೆಯ ಹೋಟೆಲುಗಳಲ್ಲೂ ಆ ಭೇದ ಒಂದು ಕಾಲಕ್ಕೆ ಇತ್ತು. ನಿಮ್ಮ ಅಂಗಡಿ ಅರಳಿಕಟ್ಟೆಯ ಹರಟೆಯನ್ನು ಉಳಿಸಿಕೊಂಡು ಅದರ ಹೊಲಸನ್ನು ತೊಳೆದ ಕಟ್ಟೆಯಾಗಬೇಕು. ಪೌರಕಾರ್ಮಿಕ ಮಹಿಳೆ ಬೆಳಗಿನ ಕೆಲಸ ಮುಗಿಸಿ ಬಂದರೆ ನಿವೃತ್ತ ಪ್ರಾಧ್ಯಾಪಕರ ಪಕ್ಕದ ಬೆಂಚಿನಲ್ಲಿ, ಅದೇ ಲೋಟದಲ್ಲಿ, ಅದೇ ಕಾಫಿ ಕುಡಿಯಬೇಕು. ಅದಾಗದಿದ್ದರೆ ಗೋಡೆಯ ಮೇಲೆ ಎಷ್ಟು ಕನ್ನಡ ಬರೆದರೂ ಅದು ಬರೀ ಬಣ್ಣ.

ಮುಂಜಾನೆ ಅವಸರದ ಹೊತ್ತು, ನಿಂತು ಕುಡಿದು ಹೋಗುತ್ತಾರೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಗಿರಾಕಿ ಕಡಿಮೆ. ಆ ಎರಡು ಗಂಟೆಯನ್ನು ಬಡಾವಣೆಗೆ ಕೊಡಿ. ಬ್ಯಾಂಕಿನ ಅರ್ಜಿ, ವಿಮೆಯ ಕಾಗದ, ರೈಲ್ವೆ ಫಾರಂಗಳು ಇಂಗ್ಲಿಷ್, ಹಿಂದಿಯಲ್ಲಿ ಬಂದು ನಮ್ಮ ತಾಯಂದಿರು ಕಂಗಾಲಾಗುತ್ತಾರೆ. ಓದು ಬಲ್ಲ ಹಿರಿಯರೊಬ್ಬರು ಕೂತು ತುಂಬಿಕೊಡಲಿ, ಕನ್ನಡದಲ್ಲೇ ಫಾರಂ ಕೊಡಿ ಎಂದು ಅದೇ ಬ್ಯಾಂಕಿಗೆ ಪತ್ರವನ್ನೂ ಬರೆದುಕೊಡಲಿ. ಎರಡು ಕನ್ನಡ ದಿನಪತ್ರಿಕೆ ತರಿಸಿ. ಒಂದು ಕಪಾಟಿನಲ್ಲಿ ಕನ್ನಡ ಪುಸ್ತಕ ಇಡಿ, ಓದಿ ತಂದಿಡಲಿ. ರಕ್ತ ಬೇಕಾಗಿದೆ, ಮನೆ ಬಾಡಿಗೆಗಿದೆ, ಹುಡುಗನಿಗೆ ಗಣಿತದ ಪಾಠ ಬೇಕು ಎಂಬ ಚೀಟಿಗಳಿಗೆ ಒಂದು ಹಲಗೆ ತೂಗುಹಾಕಿ. ವರ್ಷಕ್ಕೆರಡು ಬಾರಿ ಬೆಳೆಗಾರರೊಬ್ಬರನ್ನು ಕರೆದು ಕೂರಿಸಿ, ಕುಡಿಯುವವರು ಬೆಳೆದವರನ್ನು ನೋಡಲಿ. ಒಬ್ಬರ ಹತ್ತಿರ ಕಾಸಿಲ್ಲದ ದಿನ ಬೈಟು ಕೊಡಿ, ಮುಖ ಸಿಂಡರಿಸಬೇಡಿ.

ಕೆಲಸಕ್ಕೆ ಮೊದಲು ನಮ್ಮ ಬಡಾವಣೆಯ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳಿ. ಕೈತುಂಬ ಸಂಬಳ ಕೊಡಿ. ಕಸುಬು ಕಲಿಸಿ, ಹುರಿಯುವುದನ್ನೂ ಸವಿಯುವುದನ್ನೂ ಕಲಿಸಿ. ನಾಳೆ ಅವರೇ ಇನ್ನೊಂದು ಅಂಗಡಿ ತೆರೆಯಲಿ. ಅಸ್ಸಾಮಿನಿಂದಲೋ ಒಡಿಶಾದಿಂದಲೋ ಹೊಟ್ಟೆಪಾಡಿಗೆ ಬಂದ ಹುಡುಗ ಕೆಲಸ ಕೇಳಿದರೆ ಅವನನ್ನು ಹೀಯಾಳಿಸಬೇಡಿ. ಅವನೂ ದುಡಿಯುವವನು. ‘ಬನ್ನಿ, ಕೂತ್ಕೊಳ್ಳಿ, ಏನು ಕೊಡ್ಲಿ, ಸಕ್ಕರೆ ಕಮ್ಮಿನಾ, ಚಿಲ್ರೆ ಇದ್ಯಾ, ಮತ್ತೆ ಬನ್ನಿ’ ಎಂದು ಇಷ್ಟರಿಂದ ಶುರುಮಾಡಿ. ಮೂರು ತಿಂಗಳಲ್ಲಿ ಕಲಿಯುತ್ತಾನೆ. ಕಲಿಯದೇ ಹೋಗುವುದು ಯಾವಾಗ ಗೊತ್ತೆ? ಗಿರಾಕಿಯಾದ ಕನ್ನಡಿಗನೇ ಅವನೊಂದಿಗೆ ಮುರುಕು ಹಿಂದಿಯಲ್ಲಿ ಶುರುಮಾಡಿದಾಗ!

ಈ ಮಾತು ಕಹಿ, ಆದರೂ ಹೇಳಲೇಬೇಕು. ದರ್ಶಿನಿಯಲ್ಲಿ ‘ಒಂದು ಕಾಫಿ ಕೊಡಪ್ಪ’ ಎನ್ನುವ ಅದೇ ಕನ್ನಡಿಗ, ಹವಾನಿಯಂತ್ರಿತ ಅಂಗಡಿಯ ಬಾಗಿಲು ತಳ್ಳಿದ ಕೂಡಲೇ ಇಂಗ್ಲಿಷಿಗೆ ಹೊರಳುತ್ತಾನೆ. ಬೆಲೆ ಏರಿದ ಹಾಗೆ ಭಾಷೆ ಬದಲಾಗುತ್ತದೆ. ಕನ್ನಡ ಅಗ್ಗದ ಜಾಗದ ಭಾಷೆ, ಇಂಗ್ಲಿಷ್ ದುಬಾರಿ ಜಾಗದ ಭಾಷೆ ಎಂದು ಯಾರು ತೀರ್ಮಾನಿಸಿದರು? ನಮ್ಮ ನಾಲಗೆಯೇ ತೀರ್ಮಾನಿಸಿತು. ಆ ತೀರ್ಮಾನವನ್ನು ಮುರಿಯಲು ಒಂದೇ ದಾರಿ. ಅತ್ಯುತ್ತಮ ಕಾಫಿ ಸಿಗುವ ಜಾಗದಲ್ಲೂ ಕನ್ನಡವೇ ಮೊದಲ ಮಾತಾಗಬೇಕು.

‘ಹಾಗಾದರೆ ಹೊರಗಿನವರು ಬರುವುದಿಲ್ಲವಲ್ಲ’ ಎಂದು ನಿಮ್ಮ ಪಾಲುದಾರ ಹೆದರಿಸುತ್ತಾನೆ. ಬರುತ್ತಾರೆ. ಪಟ್ಟಿಯಲ್ಲಿ ಮೇಲೆ ಕನ್ನಡ, ಕೆಳಗೆ ಸಣ್ಣದಾಗಿ ಇಂಗ್ಲಿಷ್ ಇರಲಿ. ಹೊಸಬನಿಗೆ ಮರ್ಯಾದೆ ಇರಲಿ. ಪ್ಯಾರಿಸಿಗೆ ಹೋದವನು ಫ್ರೆಂಚಿನಲ್ಲಿ ಕಾಫಿ ಕೇಳಲು ಕಲಿಯುತ್ತಾನೆ, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಬೆಂಗಳೂರಿಗೆ ಬಂದವನಿಗೂ ಆ ಹೆಮ್ಮೆಯ ಅವಕಾಶ ಕೊಡಿ. ಅವನು ‘ಒಂದು ಕಾಫಿ’ ಎಂದು ತೊದಲಿದ ದಿನ ಬೆಂಚಿನಲ್ಲಿ ಕೂತವರು ನಗಬಾರದು, ಪಕ್ಕಕ್ಕೆ ಸರಿದು ಜಾಗ ಕೊಡಬೇಕು. ಕಾನೂನಿನಿಂದ ಕಲಿತವನು ಬೇಕಾದಷ್ಟೇ ಕಲಿಯುತ್ತಾನೆ. ಬೆಂಚಿನ ಮೇಲೆ ಕಲಿತವನು ನಮ್ಮವನೇ ಆಗುತ್ತಾನೆ.

ಬಂಧುಗಳೇ, 1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ಕನ್ನಡಕ್ಕೆ ಶಾಲೆಯಲ್ಲಿ ಜಾಗ ಕೇಳಿದೆವು. ಆಮೇಲೆ ಉದ್ಯೋಗದಲ್ಲಿ ಕೇಳಿದೆವು, ಫಲಕದಲ್ಲಿ ಕೇಳಿದೆವು. ಕೇಳುವುದನ್ನು ನಿಲ್ಲಿಸಬೇಡಿ. ಅದರ ಜೊತೆಗೆ ಈಗ ಕಟ್ಟುವ ಕೆಲಸವೂ ಶುರುವಾಗಲಿ. ಫಲಕದ ಮೇಲಿನ ಕನ್ನಡಕ್ಕೆ ಮಸಿ ಬಳಿಯುವವರು ಬರಬಹುದು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು, ತಾಜಾ ಡಿಕಾಕ್ಷನ್ ಇಳಿಸಿ, ‘ಬನ್ನಿ’ ಎನ್ನುವ ಅಂಗಡಿಯ ಕನ್ನಡಕ್ಕೆ ಯಾರೂ ಮಸಿ ಬಳಿಯಲಾರರು.

ಈ ಶಿಬಿರದಿಂದ ಹೊರಟವರು ಮೂರು ಕೆಲಸ ಮಾಡಿ. ಈ ವಾರ ನಿಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಯಾರು ಎಲ್ಲಿ ಕಾಫಿ ಕುಡಿಯುತ್ತಾರೆ ಎಂದು ಎಣಿಸಿ ಬರೆದುಕೊಳ್ಳಿ. ಈ ತಿಂಗಳು ಒಬ್ಬ ಸಣ್ಣ ಬೆಳೆಗಾರನ ಕಣದಲ್ಲಿ ಒಂದು ದಿನ ಕಳೆಯಿರಿ. ಈ ವರ್ಷ ಲೆಕ್ಕ ಕೂಡಿಬಂದರೆ ಬಾಗಿಲು ತೆರೆಯಿರಿ. ಲೆಕ್ಕ ಕೂಡಿಬರದಿದ್ದರೆ ಸಾಲ ಮಾಡಿ ಮುಳುಗಬೇಡಿ, ಈಗಾಗಲೇ ನಡೆಯುತ್ತಿರುವ ಒಂದು ಕನ್ನಡದ ಅಂಗಡಿಗೆ ದಿನಾ ಹೋಗಿ, ಕನ್ನಡದಲ್ಲಿ ಕೇಳಿ, ಕಾಸು ಕೊಟ್ಟು ಕುಡಿಯಿರಿ. ಅದೂ ಹೋರಾಟವೇ.

ಜೈ ಕನ್ನಡ! ಜೈ ಕರ್ನಾಟಕ!